ಮೊದ್ಲ ಫೈಲ್ ಹೊರಗ ತಗೀರಿ, ಆಮ್ಯಾಲ ವಿಂಡೋಸ್ ನೋಡೂಣು

ಪ್ರಶ್ನೆ: ಅಣ್ಣಾರ, ನಮ್ಮದು ಸಿಂಧನೂರು ಎಪಿಎಂಸಿ ಒಳಗ ದಲಾಲಿ ಅಂಗಡಿ, ನಾನು ಅಲ್ಲಿ ಲೆಕ್ಕ ಬರಿಯಾಂವ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷ ಆತು, ಸೀದಾ ಕರೆಂಟಿಗೆ ಹಚ್ಚೇ ನಡಸ್ತೀವಿ. ಮೊನ್ನೆ ಅಪ್ಡೇಟ್ ಆಗಾಕತ್ತಿತ್ತು, ನಡುವ ಕರೆಂಟ್ ಹೋತು. ಈಗ ಚಾಲೂ ಮಾಡಿದ್ರ ಆಟೋಮ್ಯಾಟಿಕ್ ರಿಪೇರ್ ಅಂತ ಬರ್ತೈತಿ, ತಿರುಗಿ ತಿರುಗಿ ಅಲ್ಲೇ ಬಂದು ನಿಂದರತೈತಿ. ರೈತರ ಬಾಕಿ, ಭತ್ತದ ಲೆಕ್ಕ ಎಲ್ಲಾ ಟ್ಯಾಲಿ ಒಳಗ ಐತಿ. ರಿಪೇರಿ ಅಂಗಡಿಯಾಂವ 500 ರೂಪಾಯಿ ಕೊಡ್ರಿ ಫಾರ್ಮ್ಯಾಟ್ ಹೊಡದು ಕೊಡ್ತೀನಿ ಅಂತಾನ. ಕೊಡ್ಲೋ ಬ್ಯಾಡೋ? ಸಾವ್ಕಾರ್ರಿಗೆ ಇನ್ನೂ ಹೇಳಿಲ್ಲ.

ಉತ್ತರ: ಬ್ಯಾಡ್ರಿ, ಫಾರ್ಮ್ಯಾಟ್ ಅಂದ್ರ ಡಿಸ್ಕ್ ಅಳಿಸೋದು, ಇದನ್ನ ಪೂರ್ತಿ ಓದೋತನಕ ಲ್ಯಾಪ್‌ಟಾಪ್ ಯಾರ ಕೈಯಾಗೂ ಕೊಡಬ್ಯಾಡ್ರಿ. ವಿಂಡೋಸ್ ಅನ್ನೋದು ಮೈಕ್ರೋಸಾಫ್ಟ್ ವೆಬ್‌ಸೈಟಿನಾಗ ಪುಕ್ಕಟೆ ಡೌನ್‌ಲೋಡಿಗೆ ಐತಿ, ಇವತ್ತು ಕೆಟ್ರ ನಾಳೆ ಮತ್ತ ಹಾಕ್ಕೋಬೋದು, ಆದ್ರ ನಿಮ್ಮ ರೈತರ ಬಾಕಿ ಲೆಕ್ಕ ಆ ಒಂದ ಡಿಸ್ಕಿನಾಗ ಬಿಟ್ರ ಬ್ಯಾರೆ ಎಲ್ಲೂ ಇಲ್ಲ. ನಮ್ಮ ಮಂದಿ ಮಾಡೋದು ಉಲ್ಟಾ, ವಿಂಡೋಸ್ ಬದುಕಸಾಕ ಹೋಗಿ ಫೈಲ್ ಕೊಲ್ತಾರ. ನಿಮ್ಮ ಕೇಸಿನಾಗ ಬಹುಶಃ ಡಿಸ್ಕಿಗೆ ಏನೂ ಆಗಿಲ್ಲ, ಅಪ್ಡೇಟ್ ಅರ್ಧಕ್ಕ ನಿಂತು ವಿಂಡೋಸಿನ ಸ್ವಂತ ಫೈಲ್ ಅಷ್ಟ ಕೆಟ್ಟಾವ. ಬಾಗಲದ ಕೀಲಿ ಕೆಟ್ಟೈತಿ, ಒಳಗ ಭತ್ತದ ಚೀಲ ಇಟ್ಟಲ್ಲೇ ಅದಾವ ಅಂತ ತಿಳ್ಕೊಳ್ರಿ.

ಈಗ ಒಂದು ಖಾಲಿ ಪೆನ್‌ಡ್ರೈವ್ ಇಲ್ಲಾ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಚ್ರಿ. ಇವತ್ತರ ಮಟ್ಟಿಗೆ ಒಂದು ಯುಪಿಎಸ್ ಎಲ್ಲಿಂದಾದ್ರೂ ತಂದು ಅದಕ್ಕ ಲ್ಯಾಪ್‌ಟಾಪ್ ಜೋಡಸ್ರಿ, ಯಾಕಂದ್ರ ಈ ಕೆಲಸದ ನಡುವ ಮತ್ತ ಕರೆಂಟ್ ಹೋಗಬಾರ್ದು. ಆ ರಿಪೇರಿ ಪರದೆ ಮ್ಯಾಲೆ ಅಡ್ವಾನ್ಸ್ಡ್ ಆಪ್ಷನ್ಸ್ ಅಂತ ಇರತೈತಿ, ಅದರೊಳಗ ಟ್ರಬಲ್‌ಶೂಟ್, ಮತ್ತ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ಕಮಾಂಡ್ ಪ್ರಾಂಪ್ಟ್. ಕರಿ ಪರದೆ ಬಂತಂದ್ರ ಹೆದರಬ್ಯಾಡ್ರಿ, ನೋಟ್‌ಪ್ಯಾಡ್ ಅಂತ ಇಂಗ್ಲೀಷಿನಾಗ ಟೈಪ್ ಮಾಡಿ ಎಂಟರ್ ಹೊಡೀರಿ. ಹೌದ್ರೀ, ನಾವು ಚೀಟಿ ಬರಿಯೋ ಅದ ನೋಟ್‌ಪ್ಯಾಡ್. ಅದರಾಗ ಫೈಲ್ ಮೆನು, ಓಪನ್ ಒತ್ತಿದ್ರ ಒಂದು ಸಣ್ಣ ಕಿಟಕಿ ತೆರಿತೈತಿ, ಕೆಳಗ ಆಲ್ ಫೈಲ್ಸ್ ಅಂತ ಆರಿಸ್ಕೊಂಡ್ರ ನಿಮ್ಮ ಡ್ರೈವ್, ಫೋಲ್ಡರ್ ಎಲ್ಲಾ ಕಾಣ್ತಾವ, ಬೇಕಾದ್ದರ ಮ್ಯಾಲೆ ಬಲಗಡೆ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್. ಕಾಪಿ ಆಗೋವಾಗ ಎಷ್ಟು ಆತು ಅಂತ ಗೆರಿ ತೋರ್ಸಂಗಿಲ್ಲ, ಹ್ಯಾಂಗ್ ಆದಂಗ ಕಾಣತೈತಿ, ಚಾ ಕುಡದು ಬರ್ರಿ, ಪವರ್ ಬಟನ್ ಮುಟ್ಟಬ್ಯಾಡ್ರಿ. ಇನ್ನೊಂದು, ಅಲ್ಲಿ ನಿಮ್ಮ ಸಿ ಡ್ರೈವ್ ಹೆಸರು ಡಿ ಅಂತಲೋ ಇ ಅಂತಲೋ ಬದಲಾಗಿರಬೋದು, ಸಿ ಖಾಲಿ ಐತಿ ಅಂತ ಎದಿ ಒಡ್ಕೋಬ್ಯಾಡ್ರಿ, ಯಾವುದರಾಗ ಯೂಸರ್ಸ್ ಫೋಲ್ಡರ್ ಐತಿ ಅದ ನಿಮ್ಮದು.

ಟ್ಯಾಲಿ ವಿಷಯ ಬ್ಯಾರೇನೇ ಹೇಳ್ಬೇಕು. ಎಲ್ಲಾರೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕಾಪಿ ಮಾಡ್ಕೊಂಡು ಮುಗೀತು ಅಂತಾರ, ಟ್ಯಾಲಿಪ್ರೈಮ್ ಡೇಟಾ ಅಲ್ಲಿ ಇರಂಗಿಲ್ಲ. ಯಾರೂ ಜಾಗ ಬದಲ್ಸಿಲ್ಲಂದ್ರ ಅದು ಯೂಸರ್ಸ್ ಒಳಗಿನ ಪಬ್ಲಿಕ್ ಅನ್ನೋ ಫೋಲ್ಡರಿನಾಗ ಟ್ಯಾಲಿಪ್ರೈಮ್, ಅದರೊಳಗ ಡೇಟಾ ಅಂತ ಇರತೈತಿ, ಹಳೆ ಟ್ಯಾಲಿ ಇಆರ್‌ಪಿ 9 ಆದ್ರ ಸಿ ಡ್ರೈವಿನಾಗ ಟ್ಯಾಲಿ ಫೋಲ್ಡರ್ ಒಳಗ ನೋಡ್ರಿ. ಕಂಪನಿ ಹೆಸರು ಹುಡುಕಿದ್ರ ಸಿಗಂಗಿಲ್ಲ, ಬರೀ ಅಂಕಿ ಹೆಸರಿನ ಫೋಲ್ಡರ್ ಇರ್ತಾವ, ಅವ ನಿಮ್ಮ ಲೆಕ್ಕ. ಒಂದೂ ಬಿಡದಂಗ ಡೇಟಾ ಫೋಲ್ಡರ್ ಪೂರ್ತಿ ಎತ್ಕೊಳ್ರಿ, ಮತ್ತ ಆ ಪೆನ್‌ಡ್ರೈವ್ ಬ್ಯಾರೆ ಅಂಗಡಿಯವ್ರ ಟ್ಯಾಲಿಗೆ ಹಚ್ಚಿ ನಿಮ್ಮ ಕಂಪನಿ ತೆರಿತೈತೋ ಇಲ್ಲೋ ನೋಡ್ರಿ. ತೆರದ ಮ್ಯಾಲೆ ಅಷ್ಟ ಮುಂದಿನ ಮಾತು.

ನಡುವ ಬಿಟ್‌ಲಾಕರ್ ರಿಕವರಿ ಕೀ ಕೊಡ್ರಿ ಅಂತ ಕೇಳಿದ್ರ? ಬಿಟ್‌ಲಾಕರ್ ಅಂದ್ರ ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ, ಅದನ್ನ ತೆರಿಯೋ 48 ಅಂಕಿ ನಂಬರ್ ಈ ಕೀ, ಹೊಸಾ ಲ್ಯಾಪ್‌ಟಾಪ್‌ಗಳಾಗ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ ಕೂಡ್ಲೇ ಡಿಸ್ಕ್ ತಾನೇ ಲಾಕ್ ಆಗಿಬಿಡತೈತಿ, ನಮಗ ಗೊತ್ತ ಇರಂಗಿಲ್ಲ. ಲ್ಯಾಪ್‌ಟಾಪ್ ತಂದ ಮೊದಲ ದಿನ ಯಾರ ಈಮೇಲ್ ಹಾಕಿ ಚಾಲೂ ಮಾಡಿದ್ರಿ ನೆನಪ ಮಾಡ್ಕೊಳ್ರಿ, ದಲಾಲಿ ಅಂಗಡಿಗಳಾಗ ಸಾವ್ಕಾರ್ರ ಮಗ ಬೆಂಗಳೂರಿಂದ ರಜಾಕ್ಕ ಬಂದಾಗ ತನ್ನ ಈಮೇಲ್ ಹಾಕಿ ಕೊಟ್ಟಿರ್ತಾನ. ಅವರು ಫೋನಿನಾಗ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಡಿವೈಸಸ್ ಅಂತ ನೋಡಿದ್ರ ಆ ಕೀ ಅಲ್ಲೇ ಇರತೈತಿ. ಅಂದ್ರ ಸಾವ್ಕಾರ್ರಿಗೆ ಹೇಳೋದು ತಪ್ಪಂಗಿಲ್ಲ ಅನಸತೈತಿ. ಕೀ ಸಿಗಲಿಲ್ಲಂದ್ರ ಆ ಡಿಸ್ಕ್ ಯಾರಿಂದಲೂ ಓದಾಕ ಆಗಂಗಿಲ್ಲ, ಬಿಟ್‌ಲಾಕರ್ ಒಡದು ಕೊಡ್ತೀನಿ ಅಂತ ರೊಕ್ಕ ಕೇಳೋರ ಹತ್ರ ಹೋಗಬ್ಯಾಡ್ರಿ.

ನೋಟ್‌ಪ್ಯಾಡ್ ದಾರಿ ಆಗಲಿಲ್ಲಂದ್ರ ಇನ್ನೊಂದು ಐತಿ. ಗೆಳ್ಯಾರ ಕಂಪ್ಯೂಟರ್‌ನಾಗ ಉಬುಂಟು (ವಿಂಡೋಸ್ ಬದಲಿ ನಡಿಯೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್) ಡೌನ್‌ಲೋಡ್ ಮಾಡಿ ರೂಫಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿಂದ ಪೆನ್‌ಡ್ರೈವಿಗೆ ಹಾಕ್ರಿ, 8 ಜಿಬಿ ಆದ್ರೂ ಬೇಕು, ಅದರಾಗಿದ್ದದ್ದೆಲ್ಲಾ ಅಳಿಸಿ ಹೋಗತೈತಿ ಅದಕ್ಕ ಖಾಲಿದ ತಗೊಳ್ರಿ. ಡೆಲ್, ಲೆನೊವೊ ಆದ್ರ ಎಫ್ 12, ಎಚ್‌ಪಿ ಆದ್ರ ಎಫ್ 9 ಒತ್ತಿ ಪೆನ್‌ಡ್ರೈವಿಂದ ಬೂಟ್ ಮಾಡಿ ಟ್ರೈ ಉಬುಂಟು ಅಂತ ಕೊಡ್ರಿ, ಇನ್‌ಸ್ಟಾಲ್ ಅಲ್ಲ, ಟ್ರೈ. ಅಲ್ಲಿಂದ ಫೈಲ್ ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳ್ರಿ. ಡಿಸ್ಕಿನಾಗ ಬರಿಯಾಕ ಆಗಂಗಿಲ್ಲ ಬರೀ ಓದಬೋದು ಅಂತ ಅದೇನಾದ್ರೂ ತಕರಾರು ತಗದ್ರ ಛಲೋನ ಆತು, ನಮಗ ಓದೋದ ಬೇಕಾಗೈತಿ.

ಫೈಲ್ ಎರಡು ಕಡೆ ಆದ ಮ್ಯಾಲೆ ವಿಂಡೋಸ್ ರಿಪೇರಿ. ಮೊದ್ಲು ಅದ ಪರದೆಯೊಳಗ ಅನ್‌ಇನ್‌ಸ್ಟಾಲ್ ಅಪ್ಡೇಟ್ಸ್ ಅಂತ ಐತಿ, ಅರ್ಧಕ್ಕ ಕೆಟ್ಟ ಅಪ್ಡೇಟ್ ತಗೀರಿ, ನಿಮಗ ಅಷ್ಟಕ್ಕ ಸರಿ ಆದ್ರೂ ಆಗಬೋದು. ಆಗಲಿಲ್ಲಂದ್ರ ಸಿಸ್ಟಮ್ ರಿಸ್ಟೋರ್, ಅಂದ್ರ ವಿಂಡೋಸನ್ನ ಹಿಂದಿನ ಸ್ಥಿತಿಗೆ ಒಯ್ಯೋದು. ಅದೂ ಆಗಲಿಲ್ಲಂದ್ರ ರಿಸೆಟ್ ದಿಸ್ ಪಿಸಿ, ಅದರಾಗ ಕೀಪ್ ಮೈ ಫೈಲ್ಸ್ ಕೊಡ್ರಿ, ಆದ್ರ ಹೆಸರು ನೋಡಿ ಮೋಸ ಹೋಗಬ್ಯಾಡ್ರಿ, ಫೈಲ್ ಉಳಿತಾವ, ಟ್ಯಾಲಿ ಸಮೇತ ನೀವು ಹಾಕಿದ ಸಾಫ್ಟ್‌ವೇರ್ ಎಲ್ಲಾ ಹೋಗ್ತಾವ, ಟ್ಯಾಲಿ ಸೀರಿಯಲ್ ನಂಬರ್ ಮೊದ್ಲ ಬರದಿಟ್ಕೊಳ್ರಿ. ಪೂರ್ತಿ ಹೊಸದಾಗಿ ಹಾಕಿದ್ರೂ ವಿಂಡೋಸ್ ಲೈಸೆನ್ಸ್ ಮತ್ತ ಕೊಳ್ಳೋದು ಬ್ಯಾಡ, ಅಸಲಿ ಇದ್ರ ಅದ ಮದರ್‌ಬೋರ್ಡಿನ ಮ್ಯಾಲೆ ಇಂಟರ್ನೆಟ್ ಸಿಕ್ಕ ಕೂಡ್ಲೇ ತಾನ ಆಕ್ಟಿವೇಟ್ ಆಗತೈತಿ. ಹಾಕೋದು ಬಂತಂದ್ರ 11 ಹಾಕಸ್ರಿ, 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ. ಲ್ಯಾಪ್‌ಟಾಪ್ ಭಾಳ ಹಳೇದಿದ್ರ 11 ತಗೊಳ್ಳಂಗಿಲ್ಲ, ಅದು ಬ್ಯಾರೆ ಕಥಿ. ಮತ್ತ ಆ ಬ್ಯಾಟರಿ ಬದಲ್ಸ್ರಿ ಮಾರಾಯ್ರ, ಬ್ಯಾಟರಿ ರೊಕ್ಕ ಉಳಸಾಕ ಹೋಗಿ ಈ ಪಾಡು.

ಪ್ರಶ್ನೆ: ಸರ್, ನಾನು ಕೊಪ್ಪಳದಾಗ ಡಿಗ್ರಿ ಫೈನಲ್ ಇಯರ್. ಲ್ಯಾಪ್‌ಟಾಪ್ ಆನ್ ಆಗಿಲ್ಲಂತ ಅಂಗಡಿಗೆ ಕೊಟ್ಟಿದ್ದೆ, ಕೇಳ್ದೆ ಹೊಸ ವಿಂಡೋಸ್ ಹಾಕಿ ಕೊಟ್ಟಾರ. ಪ್ರಾಜೆಕ್ಟ್ ರಿಪೋರ್ಟ್, ಅಕ್ಕನ ಮದ್ವಿ ಫೋಟೋ ಒಂದೂ ಇಲ್ಲ. ಸಿಗ್ತಾವಾ ಸರ್?

ಉತ್ತರ: ತಮ್ಮಾ, ಮೊದ್ಲು ಅದರಾಗ ಸಿನಿಮಾ ನೋಡೋದು, ಏನಾರ ಡೌನ್‌ಲೋಡ್ ಮಾಡೋದು ನಿಲ್ಲಸು. ಆಮ್ಯಾಲ ಸಿ ಡ್ರೈವ್ ತೆರದು ವಿಂಡೋಸ್ ಡಾಟ್ ಓಲ್ಡ್ ಅಂತ ಫೋಲ್ಡರ್ ಐತೇನ ನೋಡು. ಡ್ರೈವ್ ಫಾರ್ಮ್ಯಾಟ್ ಹೊಡೀದ ಹಳೇದರ ಮ್ಯಾಲೇ ಹಾಕಿದ್ರ ನಿನ್ನ ಹಳೆ ಸಾಮಾನೆಲ್ಲಾ ಅದರೊಳಗ ಯೂಸರ್ಸ್ ಅಂತ ಇರತೈತಿ. ಪರ್ಮಿಷನ್ ಇಲ್ಲ ಅಂದ್ರ ಕಂಟಿನ್ಯೂ ಒತ್ತು. ಆದ್ರ ಇವತ್ತ ಮಾಡು, ಸುಮಾರು 10 ದಿನಕ್ಕ ವಿಂಡೋಸ್ ಆ ಫೋಲ್ಡರ್ ತಾನ ಅಳಿಸಿ ಬಿಡತೈತಿ. ಹಂಗ ಒನ್‌ಡ್ರೈವ್ ವೆಬ್‌ಸೈಟಿಗೂ ಲಾಗಿನ್ ಆಗಿ ನೋಡು, ಎಷ್ಟೋ ಹುಡುಗರಿಗೆ ಗೊತ್ತಿಲ್ದಂಗ ಡೆಸ್ಕ್‌ಟಾಪು ಡಾಕ್ಯುಮೆಂಟ್ಸು ಅಲ್ಲಿ ಹೋಗಿ ಕುಂತಿರ್ತಾವ, ಪುಕ್ಕಟೆ ಜಾಗ 5 ಜಿಬಿ ಅಷ್ಟ, ರಿಪೋರ್ಟ್ ಅಂತೂ ಸಿಗಬೋದು. ರಿಪೋರ್ಟ್ ಗೈಡಿಗೆ ಮೇಲ್ ಮಾಡಿದ್ಯೋ ಏನೋ, ಸೆಂಟ್ ಒಳಗೂ ಹುಡುಕು.

ಎರಡೂ ಇಲ್ಲಂದ್ರ ನಿನ್ನದು ಹಾರ್ಡ್‌ಡಿಸ್ಕೋ ಎಸ್‌ಎಸ್‌ಡಿನೋ ಅನ್ನೋದರ ಮ್ಯಾಲೆ ಐತಿ. ಹಳೆ ತಿರುಗೋ ಹಾರ್ಡ್‌ಡಿಸ್ಕ್ ಆದ್ರ ಫಾರ್ಮ್ಯಾಟ್ ಆದ್ರೂ ಮ್ಯಾಲೆ ಬ್ಯಾರೇದು ಬರಿಯೋತನಕ ಹಳೇದು ಅಡಿಯಾಗ ಇರತೈತಿ. ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಬಲ್ ಹಚ್ಚಿ ಬ್ಯಾರೆ ಕಂಪ್ಯೂಟರಿಗೆ ಜೋಡಿಸಿ ಫೋಟೋರೆಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಓಡ್ಸು, ಸಿಕ್ಕದ್ದನ್ನ ಅದ ಡಿಸ್ಕಿಗೆ ಸೇವ್ ಮಾಡಬ್ಯಾಡ. ಫೈಲಿನ ಹೆಸರು ಹೋಗಿರ್ತಾವ, ಸಾವಿರಾರು ಫೋಟೋದಾಗ ನಿನ್ನ ಅಕ್ಕನ ಹುಡುಕ್ಬೇಕು, ಅಷ್ಟ ಕಷ್ಟ. ಎಸ್‌ಎಸ್‌ಡಿ ಆದ್ರ ಸುಳ್ಳ ಆಸೆ ಹಚ್ಚಂಗಿಲ್ಲ, ಟ್ರಿಮ್ ಅಂತ ಒಂದು ವ್ಯವಸ್ಥಾ ಅಳಿಸಿದ ಜಾಗ ನಿಜವಾಗ್ಲೂ ಖಾಲಿ ಮಾಡಿಬಿಡತೈತಿ, ಫಾರ್ಮ್ಯಾಟ್ ಆದ ಮ್ಯಾಲೆ ಸಿಗೋದು ಭಾಳ ಕಮ್ಮಿ. ಆಗ ಬೀಗರ ಕಡೆ ಫೋನಿನಾಗ, ಫೋಟೋಗ್ರಾಫರ್ ಹತ್ರ ಕೇಳು, ಮದ್ವಿ ಫೋಟೋ ಭಾಳ ಸಲ ಹಿಂಗ ವಾಪಸ್ ಬಂದಾವ. ಕೇಳ್ದ ಅಳಿಸಿದವ್ರಿಗೆ ಜಗಳ ಆಮ್ಯಾಲ ಮಾಡು.

ಪ್ರಶ್ನೆ: ಬಳ್ಳಾರಿಯಾಗ ನಮ್ಮದು ಸಣ್ಣ ಜೀನ್ಸ್ ಹೊಲಿಗಿ ಯೂನಿಟ್. ಪ್ಯಾಟರ್ನ್ ಫೈಲ್ ಇರೋ ಹಳೆ ಲ್ಯಾಪ್‌ಟಾಪ್ ಒಳಗಿಂದ ಟಕ್ ಟಕ್ ಸಪ್ಪಳ ಬರ್ತೈತಿ, ವಿಂಡೋಸ್ ಅರ್ಧ ತಾಸಿಗೆ ಒಮ್ಮೆ ನಿಲ್ಲತೈತಿ. ಚೆಕ್‌ಡಿಸ್ಕ್ (ವಿಂಡೋಸಿನಾಗ ಡಿಸ್ಕ್ ತಪಾಸಣಿ ಮಾಡೋ ಸಾಧನ) ಓಡಸಂದಾರ.

ಉತ್ತರ: ಓಡಸಬ್ಯಾಡ್ರಿ, ಈಗಲೇ ಬಂದ್ ಮಾಡ್ರಿ. ಅದು ಹಾರ್ಡ್‌ಡಿಸ್ಕಿನ ಓದೋ ಮುಳ್ಳು ಸೋತ ಸಪ್ಪಳ, ಚೆಕ್‌ಡಿಸ್ಕ್ ಸಾಯೋ ಡಿಸ್ಕನ್ನ ತಾಸುಗಟ್ಲೆ ಓಡಸ್ತೈತಿ. ಪ್ಯಾಟರ್ನ್ ಬ್ಯಾರೆ ಕಡೆ ಇಲ್ಲ, ಇಲ್ದಿದ್ರ ಧಂದೆ ನಿಲ್ಲತೈತಿ ಅಂದ್ರ ಬೆಂಗಳೂರು ಇಲ್ಲಾ ಹೈದರಾಬಾದಿನ ಡೇಟಾ ರಿಕವರಿ ಲ್ಯಾಬಿಗೆ ಕೊಡ್ರಿ, ಧೂಳಿಲ್ಲದ ಕೋಣ್ಯಾಗ ಬಿಚ್ಚೋ ಕೆಲಸ ಅದು, ಸಾವಿರದ ಲೆಕ್ಕದಾಗ ರೊಕ್ಕ ಬೀಳತೈತಿ. ಬಳ್ಳಾರಿ ಧೂಳಿನಾಗ ಯಾರಾದ್ರೂ ಡಿಸ್ಕಿನ ಮುಚ್ಚಳ ತಗೀತೀನಿ ಅಂದ್ರ ಕೈಯಿಂದ ಕಸ್ಕೊಂಡು ಬರ್ರಿ.

ಪ್ರಶ್ನೆ: ಲಿಂಗಸುಗೂರಿಂದ ಒಬ್ಬ ಶಾಲಿ ಟೀಚರ್. ಕೆಟ್ಟ ಲ್ಯಾಪ್‌ಟಾಪಿಂದ ಫೈಲ್ ತಗಸಿ ಹೊಸದಕ್ಕ ಹಾಕಿಸ್ಕೊಂಡೆ. ಪ್ರಶ್ನೆಪತ್ರಿಕೆ ಎಲ್ಲಾ ಇಂಗ್ಲೀಷ್ ಅಕ್ಷರ, ಚಿಹ್ನೆ ಕಲಸಿದಂಗ ಕಾಣ್ತಾವ. ವೈರಸ್ಸೇನ್ರೀ?

ಉತ್ತರ: ವೈರಸ್ ಅಲ್ರಿ ಅಕ್ಕಾರ, ಫೈಲ್ ನೆಟ್ಟಗ ಅದಾವ. ನೀವು ನುಡಿ ಒಳಗ ಹಳೆ ಫಾಂಟಿನಾಗ ಟೈಪ್ ಮಾಡೀರಿ, ಆ ಫಾಂಟ್ ಹೊಸಾ ಲ್ಯಾಪ್‌ಟಾಪಿನಾಗ ಇಲ್ಲ, ಅದಕ್ಕ ಹಿಂಗ ಕಾಣತೈತಿ. ನುಡಿ ಇನ್‌ಸ್ಟಾಲ್ ಮಾಡಿ ವರ್ಡ್ ಬಂದ್ ಮಾಡಿ ತಿರುಗಿ ತೆರೀರಿ, ಕನ್ನಡ ಬರತೈತಿ. ಆದ್ರ ಅಲ್ಲೀತನಕ ಆ ಫೈಲ್ ಒಳಗ ಏನೂ ತಿದ್ದಾಕ ಹೋಗಬ್ಯಾಡ್ರಿ, ಸೇವ್ ಮಾಡ್ಲ್ಯಾ ಅಂತ ಕೇಳಿದ್ರ ಬ್ಯಾಡ ಅನ್ರಿ.