ಅವ್ವನ ಪುಣ್ಯಸ್ಮರಣೆಗೆ ಬರೆಯಲಾಗದ ನಾಲ್ಕು ಸಾಲು

(ಇದರಲ್ಲಿ ಬರುವವರ ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಊರಿನ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ತಾಯಿ, ಮಗಳು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ಮೇ ತಿಂಗಳ ಕೊನೆಯ ವಾರದಲ್ಲಿ, ಮೈಸೂರಿನಲ್ಲಿ ಕೆಲಸದಲ್ಲಿರುವ ಸುಮಾರು 45 ವರ್ಷದ ಮಹಿಳೆಯೊಬ್ಬರು ಮನಸ್ಸಿನ ಸಂಕಟಕ್ಕೆ ಸಲಹೆ ಕೇಳಲೆಂದು ಮಡಿಕೇರಿಯಲ್ಲಿ ನನ್ನನ್ನು ಕಾಣಲು ಬಂದರು. ಸೋಮವಾರಪೇಟೆ ಕಡೆಯ ಸಣ್ಣ ಕಾಫಿ ತೋಟದ ಮನೆಯಲ್ಲಿ ಅವರ ಅವ್ವ ತೀರಿಕೊಂಡು ಹತ್ತು ತಿಂಗಳಾಗಿತ್ತು. ವರ್ಷದ ಪುಣ್ಯಸ್ಮರಣೆಯ ಪ್ರಕಟಣೆಗೆ ನಾಲ್ಕು ಸಾಲು ಬರೆದುಕೊಡು ಎಂದು ಅಣ್ಣ ಹೇಳಿದ್ದರು. "ತ್ಯಾಗಮಯಿ, ವಾತ್ಸಲ್ಯಮಯಿ ಅಂತ ಬರೀತೀನಿ ಮೇಡಂ, ಅಲ್ಲಿಗೇ ಪೆನ್ನು ನಿಂತುಬಿಡುತ್ತೆ. ನನ್ನ ಅವ್ವನ ಬಗ್ಗೆ ನನಗೇ ಬರೆಯೋಕೆ ಬರ್ತಾ ಇಲ್ಲ" ಎಂದು ಹೇಳಿ ಬಹಳ ಹೊತ್ತು ಅತ್ತರು.

ಅವರ ಸಂಕಟಕ್ಕೆ ಎರಡು ಬೇರುಗಳಿದ್ದವು. ಮಗುವಿಗೆ ಮೂರು ವರ್ಷ ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡ ಅವರು, ಹೊಟ್ಟೆಪಾಡಿಗಾಗಿ ಮೈಸೂರಿಗೆ ಹೋಗುವಾಗ ಮಗಳನ್ನು ಅವ್ವನ ಮಡಿಲಲ್ಲಿ ಬಿಟ್ಟಿದ್ದರು. ಆ ಮಗಳಿಗೆ ಈಗ 19 ವರ್ಷ. ಎರಡನೆಯದು, ಅವ್ವನಿಗೆ ಪಾರ್ಶ್ವವಾಯು ಬಡಿದ ಜುಲೈ ತಿಂಗಳ ಆ ರಾತ್ರಿ. ಗಾಳಿಮಳೆಗೆ ದಾರಿಯಲ್ಲಿ ಮರಗಳು ಬಿದ್ದಿದ್ದವು, ಕರೆಂಟು ಇರಲಿಲ್ಲ, ಫೋನು ಸಿಗುತ್ತಿರಲಿಲ್ಲ. ಆಸ್ಪತ್ರೆ ತಲುಪುವ ಹೊತ್ತಿಗೆ ಬೆಳಕಾಗಿತ್ತು. ಅದಕ್ಕೂ ಹಿಂದಿನ ಭಾನುವಾರ ಅವ್ವ ಫೋನಿನಲ್ಲಿ "ಯಾವಾಗ ಬತ್ತೀಯ?" ಎಂದು ಕೇಳಿದಾಗ, ಇವರು "ಮಳೆ ಸ್ವಲ್ಪ ಬಿಡಲಿ" ಎಂದಿದ್ದರು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದನ್ನು ಆಮೇಲೆ ಎಲ್ಲೋ ಓದಿ, ಅಂದಿನಿಂದ ದಿನವೂ ರಾತ್ರಿ ಆ ಗಂಟೆಗಳ ಲೆಕ್ಕ ಹಾಕುತ್ತಿದ್ದರು.

ನಿದ್ರೆ, ಊಟ, ಕೆಲಸ, ಸಾಯುವ ಯೋಚನೆ ಇವುಗಳ ಬಗ್ಗೆ ನೇರವಾಗಿ ಕೇಳಿದೆ. ನಿದ್ರೆ ಕೆಟ್ಟಿತ್ತು, ಉಳಿದಂತೆ ಬದುಕು ನಡೆಯುತ್ತಿತ್ತು. ಅಗಲಿಕೆಯ ದುಃಖ ತಿಂಗಳುಗಟ್ಟಲೆ ಸಡಿಲವಾಗದೆ ದಿನದ ಬದುಕನ್ನೇ ನಿಲ್ಲಿಸಿಬಿಟ್ಟಾಗ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ವೈದ್ಯಶಾಸ್ತ್ರ ಈಗ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಅದಕ್ಕೆ ಕನಿಷ್ಠ 6 ತಿಂಗಳ ಅವಧಿ ಹೇಳಿದರೆ, ಅಮೆರಿಕದ ಮನೋವೈದ್ಯರ ಸಂಘ ವಯಸ್ಕರಿಗೆ 12 ತಿಂಗಳು ಎನ್ನುತ್ತದೆ. ಕಾಲದ ಲೆಕ್ಕವೊಂದರಿಂದಲೇ ಯಾರಿಗೂ ರೋಗಿಯ ಹಣೆಪಟ್ಟಿ ಹಚ್ಚುವುದು ನನಗೆ ಸರಿಕಾಣುವುದಿಲ್ಲ. ಇವರಿಗೆ ಔಷಧಿಯ ಅಗತ್ಯವೂ ನನಗೆ ಕಾಣಲಿಲ್ಲ. ರಾತ್ರಿ ಒಬ್ಬರೇ ಇರುವಾಗ ತಡೆಯಲಾಗದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಎಂದು ಬರೆದುಕೊಟ್ಟೆ.

"ನಿಮ್ಮದೇನೂ ತಪ್ಪಿಲ್ಲ" ಎಂಬ ಮಾತನ್ನು ಮೊದಲ ಭೇಟಿಯಲ್ಲಿ ನಾನು ಆಡಲಿಲ್ಲ. ಹತ್ತು ತಿಂಗಳಿಂದ ಎಲ್ಲರೂ ಅದನ್ನೇ ಹೇಳಿದ್ದರು. ಆ ಮಾತು ಅವರ ಬಾಯಿ ಮುಚ್ಚಿಸಿತ್ತೇ ಹೊರತು ಮನಸ್ಸಿನ ಭಾರ ಇಳಿಸಿರಲಿಲ್ಲ. ಬದಲಿಗೆ, ಗಂಟೆಗಳ ಲೆಕ್ಕವನ್ನು ಮೊಬೈಲಿನಲ್ಲಿ ಹುಡುಕುವುದನ್ನು ಬಿಟ್ಟು ಆಸ್ಪತ್ರೆಯ ಕಾಗದಗಳನ್ನು ಹಿಡಿದು ವೈದ್ಯರನ್ನೇ ಕೇಳಿ ಬನ್ನಿ ಎಂದೆ. ಅವರು ಹೋಗಿ ಕೇಳಿದರು. ಅವ್ವನ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು, ಹೆಪ್ಪು ಕರಗಿಸುವ ಮದ್ದನ್ನು ಅಂಥವರಿಗೆ ಕೊಡುವಂತೆಯೇ ಇಲ್ಲ ಎಂದು ತಿಳಿಯಿತು. ಅಷ್ಟು ರಾತ್ರಿಗಳ ಲೆಕ್ಕಕ್ಕೆ ಬುಡವೇ ಇರಲಿಲ್ಲ. ಆದರೂ ಎರಡನೇ ಭೇಟಿಯಲ್ಲಿ ಅವರು ಹಗುರಾಗಿರಲಿಲ್ಲ. "ಮಳೆ ಬಿಡಲಿ" ಎಂದ ಮಾತು ಎದೆಯಲ್ಲಿ ಹಾಗೇ ಇತ್ತು.

ಆಗ ಮೊಮ್ಮಗಳ ಬಗ್ಗೆ ಕೇಳಿದೆ. "ಅವಳು ಅಳೋದೇ ಇಲ್ಲ ಮೇಡಂ. ಕಾಲೇಜಿಗೆ ಹೋಗ್ತಾಳೆ, ಬರ್ತಾಳೆ, ರೂಮಿನ ಬಾಗಿಲು ಹಾಕ್ಕೋತಾಳೆ" ಎಂದರು. ಮುಂದಿನ ಸಲ ಹುಡುಗಿಯೂ ಬಂದಳು. ಮೊದಲು ಅವಳೊಬ್ಬಳೊಂದಿಗೇ ಮಾತಾಡಿದೆ. ತಿಥಿಗೆ ಬಂದವರೆಲ್ಲ ಅಮ್ಮನ ಕೈ ಹಿಡಿದು ಸಮಾಧಾನ ಹೇಳಿದ್ದರಂತೆ. ಇವಳಿಗೆ ಮಾತ್ರ "ಅಜ್ಜಿಗೆ ವಯಸ್ಸಾಗಿತ್ತಲ್ಲ, ನೀನು ಅಮ್ಮನ್ನ ನೋಡ್ಕೋ" ಎಂದಿದ್ದರಂತೆ. ಅವಳು ಕಳೆದುಕೊಂಡದ್ದು ತನ್ನನ್ನು ಸಾಕಿದ ತಾಯಿಯನ್ನು. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ಶೋಕದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಲ್ಲೇ ಬರೆದಿದ್ದಾರೆ. ಮಕ್ಕಳನ್ನು ಅಜ್ಜಿಯ ಕೈಗೆ ಒಪ್ಪಿಸಿ ದುಡಿಯಲು ಹೋದವರ ಮನೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಂಥ ಮನೆಗಳಲ್ಲಿ ಸಾವಾದಾಗ ಮೊಮ್ಮಕ್ಕಳನ್ನು ಮೊದಲು ವಿಚಾರಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಮಾತು ಮುಗಿಯುವ ಹೊತ್ತಿಗೆ ಹುಡುಗಿ ಬ್ಯಾಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆದಳು. ಹತ್ತು ತಿಂಗಳು ಅದನ್ನು ಯಾರಿಗೂ ತೋರಿಸದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಅದು ಕಾಫಿ ಕೊಯ್ಲಿನ ಪುಸ್ತಕ. ಎಡಗಡೆ ಕೊಯ್ಯಲು ಬಂದವರ ಹೆಸರು, ಬಲಗಡೆ ಅವರವರು ಕೊಯ್ದ ಹಣ್ಣಿನ ಕಿಲೋ ಲೆಕ್ಕ. ಅಂಚಿನಲ್ಲಿ, ನಾಲ್ಕನೇ ಕ್ಲಾಸು ಓದಿದ ಕೈಯ ದಪ್ಪ ಅಕ್ಷರಗಳಲ್ಲಿ, ಮನೆಯ ಸುದ್ದಿ. "ಪುಟ್ಟಿಗೆ ಜ್ವರ, ಶಾಲೆ ಇಲ್ಲ." "ಹೂಮಳೆ ಚೆನ್ನಾಗಿ ಬಂತು." "ಮಗಳು ಬಂದಳು." ಅದರ ಎರಡು ಸಾಲಿನ ಕೆಳಗೆ, "ಹೋದಳು." 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಅಜ್ಜಿ ಮೊಮ್ಮಗಳು ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿದ್ದ ದಿನಗಳಿಗೆ ಏನೂ ಬರೆದಿರಲಿಲ್ಲ, ಮರಳಿ ಬಂದ ದಿನ ಮಾತ್ರ "ದನ ಬದುಕಿದೆ" ಎಂದಿತ್ತು.

ಹುಡುಗಿಯ ಅನುಮತಿ ಪಡೆದು ಅಮ್ಮನನ್ನು ಒಳಗೆ ಕರೆದೆ. ಪುಟ ತಿರುವುತ್ತಾ ಅವರು ಒಂದು ಕಡೆ ನಿಂತರು: "ಮಗಳು ಬರುತ್ತೇನೆ ಅಂದಳು, ಬರಲಿಲ್ಲ. ಕೋಳಿ ಸಾರು ದಂಡ." ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಮೊದಲು ನಕ್ಕರು, ಆಮೇಲೆ ಅತ್ತರು. "ಅವ್ವ ಸಿಟ್ಟು ಮಾಡ್ಕೊಂಡಿದ್ರು ಕಣೇ" ಎಂದು ಮಗಳಿಗೆ ಹೇಳಿದರು. "ಮಾಡ್ಕೋತಿದ್ರು. ಆಮೇಲೆ ನಿಂಗೆ ಅಂತ ಇನ್ನೊಂದ್ಸಲ ಅದೇ ಸಾರು ಮಾಡ್ತಿದ್ರಲ್ಲಮ್ಮ" ಎಂದಳು ಹುಡುಗಿ. ಅಜ್ಜಿಯ ಬಗ್ಗೆ ಅವರಿಬ್ಬರೂ ಕೂತು ಮಾತಾಡಿದ್ದು ಅದೇ ಮೊದಲು.

ನನ್ನ ಸಲಹೆ ಈ ಪುಸ್ತಕದಿಂದಲೇ ಹುಟ್ಟಿತು. ಅವ್ವನನ್ನು ತ್ಯಾಗದ ಮೂರ್ತಿಯಾಗಿ ಗೋಡೆಗೇರಿಸಿದಷ್ಟೂ ಮಗಳು ಆಕೆಯೆದುರು ಸಾಲಗಾರಳಾಗಿಯೇ ನಿಲ್ಲಬೇಕಾಗುತ್ತದೆ. ಸಿಟ್ಟು ಬಂದು ಬರೆದಿಟ್ಟ, ಮರುವಾರ ಮತ್ತೆ ಒಲೆ ಹೊತ್ತಿಸಿದ ಅವ್ವನೊಂದಿಗಾದರೆ ಮಾತಾಡಬಹುದು. ಆದ್ದರಿಂದ ಹೊಗಳಿಕೆಯ ವಿಶೇಷಣಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಆಕೆಗೆ ಏನು ಇಷ್ಟ, ಯಾವುದು ಆಗುತ್ತಿರಲಿಲ್ಲ, ಯಾರೊಂದಿಗೆ ಜಗಳ, ಯಾವ ಮಾತಿಗೆ ನಗು ಎಂಬುದನ್ನು ಇಬ್ಬರೂ ಸೇರಿ, ವಾರಕ್ಕೊಮ್ಮೆ ಫೋನಿನಲ್ಲಾದರೂ ಸರಿ, ನೆನೆಸಿಕೊಂಡು ಬರೆದಿಡಿ ಎಂದೆ. "ಬರ್ತೀನಿ ಅಂದು ಬರದೆ ಹೋದೆ" ಎಂಬುದನ್ನು ಅವ್ವನಿಗೇ ಒಂದು ಕಾಗದವಾಗಿ ಬರೆಯಲು ತಾಯಿಗೆ ಹೇಳಿದೆ. ಮಗಳಿಗೆ ಹೇಳಿದ್ದು ಬೇರೆ: ಅಮ್ಮನನ್ನು ನೋಡಿಕೊಳ್ಳುವ ಹೊಣೆ ನಿನ್ನದಲ್ಲ, ಅಳುವುದಕ್ಕೆ ನಿನಗೆ ಯಾರ ಅಪ್ಪಣೆಯೂ ಬೇಡ. ಪುಸ್ತಕ ಅವಳ ಬಳಿಯೇ ಇರಲಿ ಎಂದು ಮೂವರೂ ಒಪ್ಪಿದೆವು. ತೀರಿಹೋದವರೊಂದಿಗಿನ ನಂಟನ್ನು ಕಡಿದುಕೊಳ್ಳುವುದೇ ಶೋಕದ ಗುರಿ ಎಂದು ಒಂದು ಕಾಲಕ್ಕೆ ಕಲಿಸುತ್ತಿದ್ದರು. 1990ರ ದಶಕದಿಂದೀಚೆಗೆ ಆ ತಿಳಿವಳಿಕೆ ಬದಲಾಗಿದೆ. ನಂಟು ಬೇರೆ ರೂಪದಲ್ಲಿ ಮುಂದುವರಿಯಬಹುದು.

ಹಿಂದಿನ ವರ್ಷದ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮನೆ ಸೂತಕದಲ್ಲಿತ್ತು. ಆ ತಿಂಗಳಲ್ಲಿ ನಮ್ಮ ಕಡೆ ಔಷಧಿಯೆಂದು ತಿನ್ನುವ ಮದ್ದುಸೊಪ್ಪಿನ ಪಾಯಸ ಮಾಡಿರಲಿಲ್ಲ. ಈ ಸಲ ಆಟಿಯ 18ನೇ ದಿನ, ಅಂದರೆ ಆಗಸ್ಟ್ 3ರಂದು, ತಾಯಿ ರಜೆ ಹಾಕಿ ಬಂದರು. ಹಿತ್ತಿಲ ಸೊಪ್ಪು ಕೊಯ್ದು ತಂದು, ನೀರು ಕಡುನೇರಳೆಗೆ ತಿರುಗುವವರೆಗೆ ಕುದಿಸಿ ಸೋಸಿ, ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಅಜ್ಜಿಯ ಪಾತ್ರೆಯಲ್ಲೇ ಪಾಯಸ ಮಾಡಿದ್ದು ಮೊಮ್ಮಗಳು; ಅದನ್ನು ಕಲಿತಿದ್ದವಳು ಅವಳೇ. ತಾಯಿ ಪಕ್ಕದಲ್ಲಿ ನಿಂತು ಕಾಯಿ ತುರಿದುಕೊಟ್ಟರಂತೆ.

ಜುಲೈ ಕೊನೆಯಲ್ಲಿ ಅಚ್ಚಾದ ಪುಣ್ಯಸ್ಮರಣೆಯ ತುಣುಕನ್ನು ಅವರು ನನಗೆ ತಂದು ತೋರಿಸಿದರು. ಫೋಟೋದ ಕೆಳಗೆ ಹೀಗಿತ್ತು: "ಕೊಯ್ಲಿನ ಲೆಕ್ಕ ಎಂದೂ ತಪ್ಪಿಸಲಿಲ್ಲ. ಯಾರನ್ನೂ ಹಸಿದು ಕಳಿಸಲಿಲ್ಲ. ಬರುತ್ತೇನೆಂದು ಬಾರದಿದ್ದರೆ ಸಿಟ್ಟಾಗುತ್ತಿದ್ದರು. ಅವ್ವ, ನಾವಿಬ್ಬರೂ ಬಂದಿದ್ದೇವೆ."