ಇಸವಿ ಎಲ್ಲ ಕಲಸಿಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾನು ಉಡುಪಿಯಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೇನೆ. ಇತಿಹಾಸ ಇಷ್ಟಪಟ್ಟೇ ತಗೊಂಡೆ. ಹರಪ್ಪಾ, ಮೆಸೊಪೊಟೇಮಿಯಾದಿಂದ ಹಿಡಿದು ಮಹಾಯುದ್ಧಗಳವರೆಗೆ ಓದಬೇಕು. ಇಸವಿ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಮನೆಗೆ ಬಂದವರೆಲ್ಲ ‘ಕಾಮರ್ಸ್ ತಗೊಳ್ಬಹುದಿತ್ತಲ್ವಾ’ ಅಂತಾರೆ.
– ವಿದ್ಯಾರ್ಥಿನಿ, ಕಾಪು

ಉತ್ತರ: ಇಸವಿ ಬಾಯಿಪಾಠ ಮಾಡುವುದನ್ನು ಸದ್ಯಕ್ಕೆ ಬಿಡಿ. ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ನಮಗೆ ಗೊತ್ತಾದದ್ದು ಹೇಗೆ?

ಹರಪ್ಪಾದಲ್ಲಿ 1921ರಲ್ಲಿ ದಯಾರಾಮ್ ಸಾಹ್ನಿ ಉತ್ಖನನ ಮಾಡಿಸಿದರು. ಮುದ್ರೆಗಳು ಸಿಕ್ಕವು, ಆದರೆ ಆ ಲಿಪಿಯನ್ನು ಇವತ್ತಿಗೂ ಓದಲಾಗಿಲ್ಲ. ಹಾಗಾಗಿ ಅಲ್ಲಿನ ಒಬ್ಬ ರಾಜನ ಹೆಸರೂ ನಮಗೆ ಗೊತ್ತಿಲ್ಲ. ಮೆಸೊಪೊಟೇಮಿಯಾದ ಜೇಡಿಮಣ್ಣಿನ ಹಲಗೆಗಳನ್ನು ಓದಬಹುದು, ಅದರಲ್ಲಿ ಬಾರ್ಲಿಯ ಲೆಕ್ಕದಿಂದ ರಾಜರ ಯುದ್ಧದವರೆಗೆ ಎಲ್ಲ ಇದೆ. ನಿಮ್ಮ ಪುಸ್ತಕದ ಒಂದು ಪಾಠದಲ್ಲಿ ಬರೀ ಚರಂಡಿ, ಇಟ್ಟಿಗೆ, ತೂಕದ ಕಲ್ಲು, ಮುಂದಿನ ಪಾಠದಲ್ಲಿ ಬರೀ ರಾಜರು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಇಷ್ಟು ಹಿಡಿದರೆ ಆ ಎರಡು ಪಾಠ ಕಲಸಿಹೋಗುವುದಿಲ್ಲ.

ಇನ್ನೊಂದು ದಾರಿ, ನನಗೆ ಇದೇ ಜಾಸ್ತಿ ಇಷ್ಟ. ದೂರದ ಘಟನೆಯನ್ನು ನಮ್ಮೂರಿನಿಂದ ಹಿಡಿಯಿರಿ. 12ನೇ ಶತಮಾನದಲ್ಲಿ, ಇಲ್ಲಿ ಆಳುಪರು ಎಂಬ ತುಳುನಾಡಿನ ಅರಸು ಮನೆತನದವರು ಆಳುತ್ತಿದ್ದಾಗ, ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ. ಯೆಮೆನ್ ದೇಶದ ಏಡನ್‌ಗೆ ಕಾಳುಮೆಣಸು, ಅಡಿಕೆ ಕಳಿಸುತ್ತಿದ್ದ, ಇಲ್ಲಿ ಲೋಹದ ಪಾತ್ರೆ ಮಾಡಿಸುತ್ತಿದ್ದ. ಅವನ ಕಾಗದಪತ್ರ ಸಿಕ್ಕಿದ್ದು ಕೈರೋದ ಒಂದು ಯೆಹೂದಿ ಪ್ರಾರ್ಥನಾಲಯದ ಕೋಣೆಯಲ್ಲಿ, ದೇವರ ಹೆಸರಿರಬಹುದಾದ ಕಾಗದವನ್ನು ಯೆಹೂದಿಗಳು ಎಸೆಯದೆ ಅಲ್ಲಿ ಇಟ್ಟುಬಿಡುತ್ತಿದ್ದರು. 1148ರಲ್ಲಿ ಸಿಸಿಲಿಯ ನಾರ್ಮನ್ನರು ಅವನ ಹುಟ್ಟೂರಿನ ಕಡೆ ದಾಳಿ ಮಾಡಿದಾಗ ಅವನ ಮನೆಯವರು ಊರು ಬಿಡಬೇಕಾಯಿತು. ನಾರ್ಮನ್ನರು, ಅರಬ್ಬಿ ಸಮುದ್ರದ ವ್ಯಾಪಾರ, ತುಳುನಾಡು ಎಲ್ಲ ಒಬ್ಬನದೇ ಕತೆಯಲ್ಲಿ ಬಂದುಬಿಟ್ಟಿತು ನೋಡಿ. ಕಲ್ಯಾಣದಲ್ಲಿ ಬಸವಣ್ಣ ಇದ್ದದ್ದೂ ಇದೇ ಶತಮಾನದಲ್ಲಿ.

ಆಧುನಿಕ ಕಾಲಕ್ಕೆ 1783–84 ಸಾಕು. ಬ್ರಿಟಿಷರ ಕೈಯಲ್ಲಿದ್ದ ಮಂಗಳೂರಿನ ಕೋಟೆಗೆ ಟಿಪ್ಪು ಮುತ್ತಿಗೆ ಹಾಕಿದ್ದ, ಜೊತೆಗೆ ಫ್ರೆಂಚ್ ಸೈನಿಕರಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ನಿಂತಿದ್ದ ಫ್ರಾನ್ಸ್ ಯುರೋಪಿನಲ್ಲಿ ರಾಜಿ ಮಾಡಿಕೊಂಡ ಸುದ್ದಿ ಬಂದದ್ದೇ ತಡ, ಇಲ್ಲಿ ಫ್ರೆಂಚರು ಯುದ್ಧ ನಿಲ್ಲಿಸಿಬಿಟ್ಟರು. 1784ರ ಮಾರ್ಚ್ 11ಕ್ಕೆ ಟಿಪ್ಪು ಮತ್ತು ಬ್ರಿಟಿಷರ ನಡುವೆ ಮಂಗಳೂರು ಒಪ್ಪಂದ. ಅಮೆರಿಕದ ಪಾಠ, ಮೈಸೂರು ಯುದ್ಧದ ಪಾಠ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ.

ಅಸೈನ್‌ಮೆಂಟ್ ಕೊಟ್ಟರೆ ಗೂಗಲ್ ನೋಡಿ ಬರೆಯಬೇಡಿ. ಬಾರ್ಕೂರಿನ ಬಸ್ಸು ಹತ್ತಿ, ಕತ್ತಲೆ ಬಸದಿ ನೋಡಿ ಬನ್ನಿ.

ಕಾಮರ್ಸ್ ವಿಷಯ: ಬರೀ ಬಿ.ಎ.ಗೆ ಕೆಲಸ ಕಷ್ಟ, ಅದು ನಿಜ. ಬಿ.ಎಡ್., ಕಾನೂನು, ಎಂ.ಎ. ಮಾಡಿ ನೆಟ್ ಅಥವಾ ಕೆಸೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳು), ಇಲ್ಲವೇ ಕೆ.ಎ.ಎಸ್., ಈಗಲೇ ಒಂದನ್ನು ಯೋಚಿಸಿಡಿ. ಹಳಗನ್ನಡ ಲಿಪಿ ಓದಲು ಕಲಿತರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ತುಳು ಮಾತು ಇದೆ ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
– ಓದುಗರು, ಸುರತ್ಕಲ್

ಉತ್ತರ: ನಾಟಕ ಇರುವುದು ನಿಜ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಪ್ಯಾಪಿರಸ್ ಮೇಲೆ ಸಿಕ್ಕಿತು, ಕತೆ ನಡೆಯುವುದು ಭಾರತದ ಕರಾವಳಿಯಲ್ಲಿ. ಅದರಲ್ಲಿ ಇಲ್ಲಿಯವರು ಆಡುವ ಮಾತುಗಳು ಕನ್ನಡ ಎಂದವರಿದ್ದಾರೆ, ತುಳು ಎಂದವರಿದ್ದಾರೆ, ಎರಡನ್ನೂ ಒಪ್ಪದವರೂ ಇದ್ದಾರೆ. ‘ಸಾಬೀತಾಗಿದೆ’ ಅಂತ ಇದ್ದರೆ ಫಾರ್ವರ್ಡ್ ಮಾಡ್ಬೇಡಿ ಮಾರಾಯ್ರೆ.