ಓದುಗರ ಪ್ರಶ್ನೆ: ಪಂಚಾಯತಿನಲ್ಲಿ ಕೇಳಿದರೆ ತಪ್ಪೇ?

ಪ್ರಶ್ನೆ: ನಮ್ಮ ವಾರ್ಡಿನಲ್ಲಿ 100 ಮೀಟರ್ ಕಾಂಕ್ರೀಟ್ ರಸ್ತೆ ಆಯಿತು. ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟಿದೆ. ‘ಯಾಕೆ ಹೀಗೆ?’ ಎಂದು ಗ್ರಾಮಸಭೆಯಲ್ಲಿ ಕೇಳಿದ್ದಕ್ಕೆ, ‘ರಸ್ತೆ ಬಂದದ್ದೇ ದೊಡ್ಡದು, ಅದರಲ್ಲೂ ಕೊಂಕು ಹುಡುಕುತ್ತೀರಾ’ ಎಂದು ಕೂರಿಸಿದರು. ದೊಡ್ಡವರ ನಿಷ್ಠುರ ನಮಗೆ ಬೇಡ ಎಂದು ಮನೆಯಲ್ಲೂ ಹೇಳುತ್ತಾರೆ. ಎಂತ ಮಾಡುವುದು?
– ಓದುಗರು, ಬ್ರಹ್ಮಾವರ

ಉತ್ತರ: ನೀವು ಕೇಳಿದ್ದು ಸರಿಯೇ. ಕೇಳುವ ಕ್ರಮವನ್ನು ಮಾತ್ರ ಬದಲಿಸಿ. ‘ಯಾಕೆ’ ಎಂದರೆ ಮಳೆ, ಲಾರಿ, ಮಣ್ಣು ಎಂದು ಏನು ಬೇಕಾದರೂ ಹೇಳಿ ಮುಗಿಸಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡಬೇಕೇ ಹೊರತು ಕಾರಣ ಯೋಚಿಸಿ ಬರೆದುಕೊಡಬೇಕೆಂದಿಲ್ಲ. ಹಾಗಾಗಿ ಕಾಗದವನ್ನೇ ಕೇಳಿ: ಆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ (ಎಂ.ಬಿ.) ಸಂಬಂಧಪಟ್ಟ ಪುಟಗಳು, ಪಾವತಿಯಾದ ಬಿಲ್ಲು. ಈ ನಾಲ್ಕು ಸಾಕು.

ನಮೂನೆ ‘ಎ’ಯಲ್ಲಿ ಅರ್ಜಿ ಬರೆದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಅಥವಾ ನಗದು ಕೊಟ್ಟು ರಸೀದಿ ಪಡೆಯಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ರಸ್ತೆಯ ಜೊತೆ ಬೀದಿದೀಪ, ಕುಡಿಯುವ ನೀರು ಎಲ್ಲವನ್ನೂ ಸೇರಿಸಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಮಾಹಿತಿ ಏಕೆ ಬೇಕೆಂದು ಬರೆಯಲೇಬೇಡಿ. ಕಾರಣ ಕೇಳುವ ಅಧಿಕಾರ ಅವರಿಗಿಲ್ಲ, ಕಲಂ 6(2) ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ‘ಈ ಕೆಲಸ ನಮ್ಮದಲ್ಲ, ಬೇರೆ ಇಲಾಖೆಯದ್ದು’ ಎಂದರೆ ನೀವು ಅಲೆಯಬೇಕಾಗಿಲ್ಲ. 5 ದಿನದೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು.

ಉತ್ತರಕ್ಕೆ 30 ದಿನ. ಪ್ರತಿ ಪುಟಕ್ಕೆ 2 ರೂಪಾಯಿ. ಗಡುವು ಮೀರಿದರೆ ಉಚಿತವಾಗಿ ಕೊಡಬೇಕು. ಏನೂ ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ. ಗ್ರಾಮ ಪಂಚಾಯತಿನ ವಿಷಯವಾದರೆ ಅದು ತಾಲೂಕು ಪಂಚಾಯತಿನ ಕಾರ್ಯನಿರ್ವಹಣಾಧಿಕಾರಿಗೆ ಹೋಗುತ್ತದೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗದ ತನಕ ಹೋದರೆ ಸಮಯ ಹಿಡಿಯುತ್ತದೆ. ಮೊದಲ ಅರ್ಜಿಯನ್ನೇ ಬಿಗಿಯಾಗಿ ಬರೆಯುವುದು ಲಾಭ.

ಕಾಗದ ಕೈಗೆ ಬಂದ ಮೇಲೆ ಟೇಪು ಹಿಡಿದು ರಸ್ತೆಗೆ ಇಳಿಯಿರಿ. ಅಂದಾಜು ಪಟ್ಟಿಯಲ್ಲಿ 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದಿದ್ದರೆ 100 ಮೀಟರಿಗೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ಸರಾಸರಿ ದಪ್ಪ 10 ಸೆಂ.ಮೀ. ಆಗಿದ್ದರೆ ಬಿದ್ದದ್ದು 30 ಮಾತ್ರ. ಎಂ-20 ದರ್ಜೆಯ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿದರೂ 120 ಚೀಲ ಕಡಿಮೆ. ಅಂಚಿನ ಅಳತೆ ನೋಡಿ ಸಮಾಧಾನಪಡಬೇಡಿ. ಹಲಗೆ ಕಟ್ಟಿದ ಬದಿಯಲ್ಲಿ ದಪ್ಪ ಸರಿಯಿದ್ದು, ನಡುವೆ ನೆಲ ಉಬ್ಬಿದ್ದಲ್ಲಿ ತೆಳುವಾಗಿರುತ್ತದೆ. ಅದನ್ನು ನೋಡಲು ನಡುವಿನಿಂದ ಕೊರೆದು ತೆಗೆದ ತುಂಡೇ ಬೇಕು. ಕಾಮಗಾರಿಯನ್ನು ಪರಿಶೀಲಿಸಿ ದೃಢೀಕೃತ ಮಾದರಿ ಪಡೆಯುವುದೂ ಕಲಂ 2(ಜೆ) ಪ್ರಕಾರ ನಿಮ್ಮ ಹಕ್ಕು.

ಹಾಗೆಂದು ಎಲ್ಲ ಬಿರುಕೂ ಕಳ್ಳತನವಲ್ಲ. ರಸ್ತೆಗೆ ಅಡ್ಡಲಾಗಿ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಬಿರುಕು ಬಂದಿದ್ದರೆ ನಾಲ್ಕೈದು ಮೀಟರಿಗೊಂದು ಜಾಯಿಂಟ್ (ಬಿರುಕು ತಡೆಯಲು ಬಿಡುವ ಅಡ್ಡ ಸೀಳು) ಕತ್ತರಿಸದೆ ಬಿಟ್ಟಿರಬಹುದು. ತೋಡಿನ ಬದಿಗೆ ಉದ್ದಕ್ಕೆ ಸೀಳಿ ಅಂಚು ಕುಸಿದಿದ್ದರೆ ಮಳೆನೀರು ಬದಿಯ ಮಣ್ಣನ್ನು ಕೊಂಡುಹೋಗಿದೆ. ಮೇಲ್ಮೈ ಪುಡಿಯಾಗಿ ಏಳುತ್ತಿದ್ದರೆ ಕ್ಯೂರಿಂಗಿಗೆ (ಹೊಸ ಕಾಂಕ್ರೀಟನ್ನು ಒದ್ದೆಯಾಗಿಡಲು) ನೀರು ಸಾಕಾಗಿಲ್ಲವೇ ಎಂದು ಸಂಶಯಪಡಬಹುದು. ಇದನ್ನೆಲ್ಲ ನೋಡಿಕೊಂಡು ಹೋದವರನ್ನು ‘ಅಭಿವೃದ್ಧಿ ವಿರೋಧಿ’ ಎಂದು ಕೂರಿಸುವುದು ಸುಲಭವಲ್ಲ. ಮನೆಯವರಿಗೂ ಹೇಳಿ: ಲೆಕ್ಕ ಕೇಳಿದರೆ ಅಧ್ಯಕ್ಷರಿಗಾಗಲೀ ಪಿಡಿಒಗಾಗಲೀ ಅವಮರ್ಯಾದೆ ಆಗುವುದಿಲ್ಲ. ಅದು ನಮ್ಮ ತೆರಿಗೆಯ ಹಣ.

ಪ್ರಶ್ನೆ: ತಾಲೂಕು ಕಚೇರಿಯಲ್ಲಿ ಒಂದು ಅರ್ಜಿಗೆ ‘ನಾಳೆ ಬನ್ನಿ’ ಎನ್ನುತ್ತಲೇ ಎರಡು ತಿಂಗಳಾಯಿತು.
– ಓದುಗರು, ಕಾರ್ಕಳ

ಉತ್ತರ: ಅದು ಸಕಾಲ ಸೇವೆಯಾಗಿದ್ದರೆ (ಗೊತ್ತುಪಡಿಸಿದ ಗಡುವಿನೊಳಗೆ ಕೊಡಬೇಕಾದ ಸರ್ಕಾರಿ ಸೇವೆ) ಸ್ವೀಕೃತಿಯಲ್ಲಿ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. ಅದಿಲ್ಲದೆ ಅರ್ಜಿ ಕೊಟ್ಟು ಬಂದರೆ ಗಡುವಿನ ಲೆಕ್ಕವೇ ಶುರುವಾಗುವುದಿಲ್ಲ. ಮೊದಲು ಅದನ್ನು ಕೇಳಿ ಪಡೆಯಿರಿ. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಉಂಟು. ಮೊತ್ತ ಸಣ್ಣದು, ಆದರೆ ಅದು ತಡ ಮಾಡಿದವರ ಕೈಯಿಂದ ಹೋಗುತ್ತದೆ.

ಪ್ರಶ್ನೆ: ಗ್ರಾಮಸಭೆಯಲ್ಲಿ ಕೇಳಿದ್ದು ದಾಖಲೆಗೇ ಬರುವುದಿಲ್ಲ.
– ಓದುಗರು, ಕುಂದಾಪುರ

ಉತ್ತರ: ಬಾಯಿಮಾತಿನಲ್ಲಿ ಕೇಳಿದ್ದು ಮೈಕಿನಲ್ಲೇ ಮುಗಿದುಹೋಗುತ್ತದೆ. ಸಭೆಗೆ ವಾರ ಮೊದಲೇ ಪ್ರಶ್ನೆಯನ್ನು ಎರಡು ಪ್ರತಿಯಲ್ಲಿ ಬರೆದು, ಒಂದನ್ನು ಕೊಟ್ಟು ಇನ್ನೊಂದಕ್ಕೆ ಪಂಚಾಯತಿನ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಒಬ್ಬರೇ ಏಳುವುದಕ್ಕಿಂತ ಅದೇ ವಾರ್ಡಿನ ನಾಲ್ಕು ಮಂದಿಯ ಸಹಿ ಇದ್ದರೆ ಒಳ್ಳೆಯದು. ಸಭೆಯಲ್ಲಿ ಉತ್ತರ ಬಂದ ಕೂಡಲೇ, ‘ಇದನ್ನು ನಡಾವಳಿಗೆ ಬರೆಯಿರಿ’ ಎಂದು ನೋಡಲ್ ಅಧಿಕಾರಿಯ ಎದುರೇ ಹೇಳಿ, ಬರೆದದ್ದನ್ನು ಓದಿಸಿ. ಆಮೇಲೆ ನಡಾವಳಿಯ ಪ್ರತಿಗೆ ಮೇಲೆ ಹೇಳಿದ ಹಾಗೆಯೇ 10 ರೂಪಾಯಿಯ ಅರ್ಜಿ ಹಾಕಿ. ಮುಂದಿನ ಸಭೆಗೆ ಹೋಗುವಾಗ ಆ ಪುಟ ಕೈಯಲ್ಲಿರಲಿ.